ತಾಳ ಹಾಡನ್ನ ಹೊರಬೇಕು: ಜಾಜ್ ಡ್ರಮ್ಸ್‌ಗೆ ಸಿಂಬಲ್ ಆರಿಸೋದು ಹೇಗೆ?

ಹೋದ ವರ್ಷ ನಮ್ಮ ಕಾಲೇಜಿನ ಸಾಂಸ್ಕೃತಿಕ ಹಬ್ಬಕ್ಕೆ ಬಂದವರಿಗೆ ನೆನಪಿರಬಹುದು. ಕನ್ನಡ ಸಂಘದ ಕಡೆಯಿಂದ ಒಂದು ವಚನವನ್ನ ಜಾಜ್ ನಡೆಯಲ್ಲಿ ಹಾಡೋಣ ಅಂತ ಹೊರಟಿದ್ವಿ. ಕೀಬೋರ್ಡಿಗೆ ಒಬ್ಬ, ಬೇಸ್ ಗಿಟಾರಿಗೆ ಒಬ್ಬ, ಹಾಡೋಕೆ ಸಿವಿಲ್ ವಿಭಾಗದ ಗೆಳತಿ, ಡ್ರಮ್ಸ್‌ಗೆ ನಾನು. ಎರಡು ತಿಂಗಳು ತಾಲೀಮು ಮಾಡಿದ್ವಿ. ವೇದಿಕೆ ಮೇಲೆ ತಪ್ಪೇನೂ ಆಗಲಿಲ್ಲ. ಚಪ್ಪಾಳೆನೂ ಬಂತು. ಹಾಗಾಗಿ ನಾನು ಭಾಳ ಖುಷಿಯಲ್ಲಿ ಕೆಳಗೆ ಇಳಿದು ಬಂದೆ.

ಹುನಗುಂದದಿಂದ ನಮ್ಮ ಮುತ್ಯಾ ಬಂದಿದ್ದರು. ಊರಿನ ಭಜನಿ ಮೇಳದಲ್ಲಿ ನಲವತ್ತು ವರ್ಷದಿಂದ ತಾಳ ಹಾಕುವವರು. ಹೇಗಿತ್ತು ಅಂತ ಕೇಳಿದೆ.

“ಎಲ್ಲಾ ಛಲೋ ಇತ್ತು ತಮ್ಮಾ. ಆದ್ರ ಆ ಹುಡುಗಿ ಏನ್ ಹಾಡಿದ್ಲೋ ಒಂದೂ ತಿಳೀಲಿಲ್ಲ ನೋಡು. ಬರೇ ನಿನ್ನ ಗಂಗಾಳದ ಸಪ್ಪಳ.”

“ಮುತ್ಯಾ, ಅದು ಗಂಗಾಳ ಅಲ್ಲ, ಸಿಂಬಲ್.”

“ಹೆಸರ ಏನರ ಇರ್ಲಿ. ತಾಳ ಹಾಡನ್ನ ಹೊರಬೇಕು. ಹಾಡಿನ ಮ್ಯಾಲೆ ಕುಂಡ್ರಬಾರದು.”

ರಾತ್ರಿ ರೂಮಿಗೆ ಬಂದು ಮೊಬೈಲಿನ ರೆಕಾರ್ಡಿಂಗ್ ಕೇಳಿದೆ. ಮುತ್ಯಾ ಹೇಳಿದ್ದು ನೂರಕ್ಕೆ ನೂರು ಖರೆ. ವಚನದ ಒಂದು ಸಾಲೂ ಪೂರ್ತಿ ಕೇಳ್ತಿರಲಿಲ್ಲ. ಮೊದಲು ನನ್ನ ಕೈಯದೇ ತಪ್ಪು ಅಂದುಕೊಂಡೆ. ಮೆಲ್ಲಗೆ ಬಾರಿಸಿ ನೋಡಿದೆ. ಆಗಲೂ ಅದೇ ಕಥೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ನಾವು ತರಿಸಿದ್ದ ಹಿತ್ತಾಳೆ ಸೆಟ್ಟನ್ನ ಮೆಲ್ಲಗೆ ಬಾರಿಸಿದರೆ ಡಬ್ಬಿಯ ಹಾಗೆ ಸದ್ದು ಮಾಡುತ್ತಿತ್ತು, ಜೋರಾಗಿ ಬಾರಿಸಿದರೆ ಎಲ್ಲವನ್ನೂ ನುಂಗುತ್ತಿತ್ತು. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ಈ ಒಂದು ವರ್ಷ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ನೀವು ಡ್ರಮ್ಸ್ ನುಡಿಸೋರಾದರೆ ದುಡ್ಡು ಉಳಿಯುತ್ತೆ. ನುಡಿಸದಿದ್ದರೂ ಮೆಟೀರಿಯಲ್ ಸೈನ್ಸ್, ವೈಬ್ರೇಷನ್ಸ್ ಓದಿದ್ದಕ್ಕೆ ಒಂದು ಉಪಯೋಗ ಕಾಣುತ್ತೆ.

ಮೂರು ತಟ್ಟೆ, ಮೂರು ಕೆಲಸ

ನಮ್ಮ ಕಡೆ ಆರ್ಕೆಸ್ಟ್ರಾದವರು ಇಡೀ ಡ್ರಮ್ ಸೆಟ್‌ಗೇ ‘ಜಾಜ್’ ಅಂತಾರೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಬ್ಬನೇ ಕೂತು ಕಾಲಲ್ಲಿ ಒಂದು, ಕೈಯಲ್ಲಿ ಒಂದು ಬಾರಿಸುವ ಈ ಸೆಟ್ ಬೆಳೆದದ್ದೇ ಅಮೆರಿಕದ ಜಾಜ್ ಸಂಗೀತದ ಜೊತೆ. ಅದರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಿಂಬಲ್ ಇರುತ್ತವೆ.

ಹೈ-ಹ್ಯಾಟ್ ಅಂದರೆ ಎದುರುಬದುರು ಇಟ್ಟ ಜೋಡಿ. ಎಡಗಾಲಿನಿಂದ ಮುಚ್ಚಿ ತೆಗೆಯೋದು. ಅಗಲ ಹೆಚ್ಚಾಗಿ 14 ಇಂಚು. ಕ್ರ್ಯಾಶ್ ಅಂದರೆ ಒಂದು ಹೊಡೆತಕ್ಕೆ ‘ಛ್ರಾಶ್’ ಅಂತ ತೆರೆದುಕೊಂಡು ಬೇಗ ಅಡಗುವಂಥದ್ದು, 16ರಿಂದ 18 ಇಂಚು. ರೈಡ್ ಅಂದರೆ ಬಲಗೈ ಪಕ್ಕದ ದೊಡ್ಡದು, 20ರಿಂದ 22 ಇಂಚು. ಜಾಜ್‌ನಲ್ಲಿ ಹಾಡಿನ ಮೊದಲಿಂದ ಕೊನೆವರೆಗೂ ಲಯ ನಡೆಯುವುದು ಈ ರೈಡ್ ಮೇಲೆ.

ಸಿನಿಮಾ ಹಾಡಿನಲ್ಲಿ, ರಾಕ್‌ನಲ್ಲಿ ಲಯವನ್ನ ಹೊರುವುದು ಕಾಲಿನ ದೊಡ್ಡ ಡ್ರಮ್ ಮತ್ತು ಸ್ನೇರ್. ಜಾಜ್‌ನಲ್ಲೂ ಮೊದಮೊದಲು ಹಾಗೇ ಇತ್ತು. 1930ರ ದಶಕದಲ್ಲಿ ಕೌಂಟ್ ಬೇಸಿ ಅವರ ತಂಡದ ಜೋ ಜೋನ್ಸ್ ಆ ಲಯವನ್ನ ಹೈ-ಹ್ಯಾಟ್‌ಗೆ ತಂದರು. 1940ರ ದಶಕದಲ್ಲಿ ಕೆನ್ನಿ ಕ್ಲಾರ್ಕ್ ಅದನ್ನ ರೈಡ್‌ಗೆ ಒಯ್ದರು. ಆಮೇಲೆ ಕಾಲಿನ ಡ್ರಮ್ಮು, ಎಡಗೈ ಎರಡೂ ಬಿಡುವಾದವು. ಅವು ಹಾಡುಗಾರನ ಜೊತೆ ಮಾತುಕತೆ ಮಾಡೋಕೆ ಶುರು ಮಾಡಿದವು.

ರೈಡ್ ಮೇಲಿನ ಆ ನಡೆಯನ್ನ ಬಾಯಲ್ಲಿ ಹೇಳಿದರೆ ಹೀಗೆ: ಟಿಂಗ್, ಟಿಂಗ್-ಗ-ಟಿಂಗ್, ಟಿಂಗ್-ಗ-ಟಿಂಗ್. ಒಂದೊಂದು ಬಡಿತವನ್ನ ಮೂರು ಭಾಗ ಮಾಡಿ. ಒಂದನೆಯದು, ಮೂರನೆಯದು ನುಡಿಯುತ್ತವೆ, ನಡುವಿನದು ಸುಮ್ಮನಿರುತ್ತೆ. ತಿಶ್ರ ನಡೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ನಿಮಿಷಕ್ಕೆ 180 ಬಡಿತದ ವೇಗ ಇಟ್ಟುಕೊಂಡರೆ ಒಂದು ಬಡಿತ 0.33 ಸೆಕೆಂಡ್. ಹಾಗಾದರೆ ಆ ‘ಗ’ಗೂ ಮುಂದಿನ ‘ಟಿಂಗ್’ಗೂ ನಡುವೆ ಇರೋದು ಬರೀ 0.11 ಸೆಕೆಂಡ್. ಅಷ್ಟರೊಳಗೆ ಹಿಂದಿನ ಪೆಟ್ಟಿನ ಗುಂಯ್‌ಗುಟ್ಟುವಿಕೆ ತಗ್ಗಿ, ಹೊಸ ಪೆಟ್ಟಿಗೆ ಜಾಗ ಬಿಡಬೇಕು. ಬಿಡದಿದ್ದರೆ ಎಲ್ಲಾ ಸೇರಿ ಒಂದೇ ‘ಶ್ಶ್ಶ್’ ಆಗುತ್ತೆ. ಜಾಜ್ ರೈಡ್ ಆರಿಸುವಾಗಿನ ಇಡೀ ಕಷ್ಟ ಇಷ್ಟರಲ್ಲೇ ಇದೆ: ಪೆಟ್ಟು ಸ್ಪಷ್ಟ ಕೇಳಬೇಕು, ಅದರ ಹಿಂದೆ ಸ್ವಲ್ಪ ಮಾತ್ರ ಗುಂಗು ಇರಬೇಕು.

ಹಾಡಿನ ಅಕ್ಷರ ಎಲ್ಲಿ ಹೋದವು?

ಸಿಂಬಲ್‌ಗೆ ಹೊಡೆದ ತಕ್ಷಣ ಶಕ್ತಿ ಮೊದಲು ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಇರುತ್ತೆ. ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ಅದು ಮೇಲಿನ ಫ್ರೀಕ್ವೆನ್ಸಿಗಳಿಗೆ ಹರಿದು ಹೋಗುತ್ತೆ. ಮೊದಲು ‘ಟಿಂಗ್’, ಹಿಂದೆಯೇ ‘ಶ್ಶ್’ ಅನ್ನುವ ಮಿನುಗು ಕೇಳೋದು ಇದರಿಂದಲೇ. ಈ ಮಿನುಗು 3,000 ಹರ್ಟ್ಸ್‌ನಿಂದ ಮೇಲಕ್ಕೆ ಹಬ್ಬಿರುತ್ತೆ.

ಈಗ ಕನ್ನಡದ ಅಕ್ಷರಗಳನ್ನ ನೋಡಿ. ಆ, ಈ, ಊ ಮುಂತಾದ ಸ್ವರಗಳ ಬಲ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿದೆ. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಸಿಗೋದು ಹೆಚ್ಚಾಗಿ ಮೇಲಿನ ಫ್ರೀಕ್ವೆನ್ಸಿಗಳಲ್ಲಿ. ಅಂದರೆ ಸಿಂಬಲ್‌ನ ಗುಂಗು ಮೊದಲು ತಿನ್ನುವುದು ವ್ಯಂಜನಗಳನ್ನ. ನಮ್ಮ ರೆಕಾರ್ಡಿಂಗ್‌ನಲ್ಲಿ ರಾಗ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕಾರಣ ಇದೇ. ಮೈಕ್ ಜೋರು ಮಾಡಿದರೆ ಪರಿಹಾರ ಆಗಲ್ಲ, ಯಾಕಂದರೆ ಗಾಯಕಿಯ ಮೈಕಿಗೆ ಹಿಂದಿನ ಸಿಂಬಲ್ಲೂ ನುಗ್ಗುತ್ತೆ.

ಇಳಕಲ್ಲಿನ ಭಾಂಡೆ ಅಂಗಡಿ

ಹಬ್ಬ ಮುಗಿದ ಮೇಲೆ ರಜೆಗೆ ಹುನಗುಂದಕ್ಕೆ ಹೋಗಿದ್ದೆ. ಭಜನಿ ಮೇಳಕ್ಕೆ ಹೊಸ ತಾಳ ಬೇಕಿತ್ತು. ಮುತ್ಯಾ ನನ್ನನ್ನೂ ಇಳಕಲ್ಲಿಗೆ ಕರೆದುಕೊಂಡು ಹೋದರು. ಭಾಂಡೆ ಅಂಗಡಿಯಲ್ಲಿ ತಾಳದ ಹತ್ತು ಜೋಡಿ ತೆಗೆಸಿದರು. ಬೆಲೆ ಕೇಳಲೇ ಇಲ್ಲ. ಒಂದೊಂದನ್ನೂ ದಾರ ಹಿಡಿದು ತೂಗುಬಿಟ್ಟು, ಅಂಚಿಗೆ ಅಂಚು ತಾಗಿಸಿ, ಕಣ್ಣು ಮುಚ್ಚಿ ನಾದ ಪೂರ್ತಿ ಅಡಗುವವರೆಗೂ ಕೇಳಿದರು. ಎರಡು ಜೋಡಿ ‘ಥಡ್’ ಅಂದವು. ತಿರುಗಿಸಿ ನೋಡಿದರೆ ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಇಳಕಲ್ಲಿನ ಕಲ್ಲು ಕ್ವಾರಿಯವರು ಗ್ರಾನೈಟ್ ಬಂಡೆಗೆ ಸುತ್ತಿಗೆ ತಟ್ಟಿ ಒಳಗಿನ ಸೀಳನ್ನ ಕಂಡುಹಿಡೀತಾರಲ್ಲ, ಅದೇ ಲೆಕ್ಕ.

ಆಮೇಲೆ ಮಾಡಿದ್ದು ನನಗೆ ವಿಚಿತ್ರ ಅನಿಸಿತು. ಒಂದು ಜೋಡಿಯ ಎರಡೂ ತಾಳ ಒಂದೇ ಸ್ವರ ಕೊಡುತ್ತಿದ್ದವು. ಅದನ್ನ ಬದಿಗಿಟ್ಟರು. ಇನ್ನೊಂದರಲ್ಲಿ ಕೂದಲೆಳೆಯಷ್ಟು ಫರಕು ಇತ್ತು. ಅದನ್ನ ತೆಗೆದುಕೊಂಡರು.

“ಎರಡೂ ಒಂದ ಇದ್ರ ನಾದ ಸತ್ತಂಗ ಆಕ್ಕೈತಿ. ಸ್ವಲ್ಪ ಫರಕ್ ಇದ್ರ ಹೆಂಗ ಅಲಿ ಅಲಿ ಆಗಿ ಹೋಗ್ತೈತಿ ಕೇಳು.”

ಇದು ನಾವು ಓದಿದ ಬೀಟ್ಸ್. ಒಂದು ತಾಳದ ಫ್ರೀಕ್ವೆನ್ಸಿ ಇನ್ನೊಂದಕ್ಕಿಂತ 4 ಹರ್ಟ್ಸ್ ಹೆಚ್ಚಿದ್ದರೆ ಸೆಕೆಂಡಿಗೆ 4 ಸಲ ನಾದ ಏರಿ ಇಳಿಯುತ್ತೆ. ಹೈ-ಹ್ಯಾಟ್ ಜೋಡಿಯಲ್ಲೂ ಹೆಚ್ಚಾಗಿ ಕೆಳಗಿನದು ತೂಕ, ಮೇಲಿನದು ಹಗುರ ಇರುತ್ತೆ. ಎರಡು ಬೇರೆ ದನಿ ಸೇರಿದಾಗ ‘ಚಿಕ್’ ಅನ್ನುವುದು ಖಡಕ್ ಆಗಿ ಬರುತ್ತೆ.

ಅಂಗಡಿಯವರು ದೊಡ್ಡ ಝಾಂಜ್ ಒಂದನ್ನ ತೋರಿಸಿ, “ಇದ ತಗೊಳ್ರಿ ಯಜಮಾನ್ರ, ಊರಿಗೆಲ್ಲಾ ಕೇಳ್ತೈತಿ” ಅಂದರು. ಮುತ್ಯಾ ನಕ್ಕರು. “ಅದು ಮೆರವಣಿಗಿಗೆ ಆತು. ಗುಡಿಯಾಗ ಹದಿನೈದು ಮಂದಿ ಕುಂತು ಹಾಡೋರಿಗೆ ಅದ್ಯಾಕ?” ರಸ್ತೆಯಲ್ಲಿ ಸಾಗುವ ಝಾಂಜ್ ಮೇಳಕ್ಕೂ, ಕರಡಿ ಮಜಲಿಗೂ ಜೋರು ಬೇಕು. ಗುಡಿಯ ಭಜನಿಗೆ ಬೇಡ. ರಾಕ್ ಸಿಂಬಲ್ಲಿಗೂ ಜಾಜ್ ಸಿಂಬಲ್ಲಿಗೂ ಇರುವ ವ್ಯತ್ಯಾಸ ನನಗೆ ಅರ್ಥ ಆದದ್ದು ಅವತ್ತು, ಆ ಅಂಗಡಿಯ ಕಟ್ಟೆ ಮೇಲೆ.

ಲೋಹ: ಹಿತ್ತಾಳೆಯೋ ಕಂಚೋ?

ಸಿಂಬಲ್ ಲೋಹಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಹಿತ್ತಾಳೆ, ಅಂದರೆ ತಾಮ್ರ ಮತ್ತು ಸತು. ಅಗ್ಗ. ಕಲಿಯೋರ ಸೆಟ್ ಜೊತೆ ಬರೋದು ಸಾಮಾನ್ಯವಾಗಿ ಇದೇ. ನಾದದಲ್ಲಿ ಪದರ ಕಡಿಮೆ. ಮನೆಯಲ್ಲಿ ಕೈ ಪಳಗಿಸೋಕೆ ಸಾಕು.

ಬಿ8 ಕಂಚು. ಇದರಲ್ಲಿ 92 ಭಾಗ ತಾಮ್ರ, 8 ಭಾಗ ತವರ. ಹಾಳೆಯಾಗಿ ಉರುಳಿಸಿ ಕತ್ತರಿಸಿ ಮಾಡಬಹುದು. ದನಿ ಚುರುಕು, ಹೊಳಪು. ದೊಡ್ಡ ಕಲಾವಿದರು ನುಡಿಸುವ ಕೆಲವು ಒಳ್ಳೆಯ ಸಿಂಬಲ್‌ಗಳೂ ಬಿ8ನಲ್ಲಿವೆ, ಆದರೆ ಅವು ಹೆಚ್ಚಾಗಿ ರಾಕ್ ಕಡೆಗೆ.

ಬಿ20 ಕಂಚು. ಇದರಲ್ಲಿ 80 ಭಾಗ ತಾಮ್ರ, 20 ಭಾಗ ತವರ. ಗಂಟೆ ಎರಕ ಹೊಯ್ಯುವ ಕಂಚಿನ ಜಾತಿ. ಹೆಸರಾಂತ ಜಾಜ್ ರೈಡ್‌ಗಳು ಹೆಚ್ಚಿನವು ಇದರವೇ. 1623ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಝಿಲ್ಜಿಯನ್ ಮನೆತನದ ಕಸುಬು ಇದೇ ಲೋಹದ್ದು. ಆ ಮನೆತನದ ಒಂದು ಕವಲು 1929ರಲ್ಲಿ ಅಮೆರಿಕದಲ್ಲಿ ಕಾರ್ಖಾನೆ ಹಾಕಿತು. ಅದೇ ಮನೆತನದ ರಾಬರ್ಟ್ ಝಿಲ್ಜಿಯನ್ 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಕಂಪನಿ ಕಟ್ಟಿದರು. ಕೈಯಿಂದ ಬಡಿದು ಸಿಂಬಲ್ ಮಾಡುವ ಕಸುಬು ಇಸ್ತಾಂಬುಲ್‌ನಲ್ಲಿ ಇವತ್ತಿಗೂ ಇದೆ.

ಮೆಕ್ಯಾನಿಕಲ್‌ನವರಿಗೆ ಇಲ್ಲೊಂದು ಮಜಾ. ಉಕ್ಕನ್ನ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗಿ ಪೆಡಸಾಗುತ್ತೆ ಅಂತ ಓದಿದ್ದೀವಿ. 20 ಭಾಗ ತವರ ಇರುವ ಕಂಚು ಇದರ ಉಲ್ಟಾ. ನಿಧಾನ ಆರಲು ಬಿಟ್ಟರೆ ಗಾಜಿನ ಹಾಗೆ ಒಡೆಯುವ ಗುಣ ಬರುತ್ತೆ. ಸುಮಾರು 600ರಿಂದ 750 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಅದ್ದಿದರೆ ಪೆಡಸು ಕಡಿಮೆಯಾಗಿ, ಸುತ್ತಿಗೆ ಪೆಟ್ಟು ತಾಳುವಂತಾಗುತ್ತೆ. ಈ ವಿದ್ಯೆ ನಮ್ಮ ನೆಲದಲ್ಲೂ ಹಳೆಯದು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಸಿಕ್ಕ ಹೆಚ್ಚು ತವರದ ಕಂಚಿನ ಪಾತ್ರೆಗಳನ್ನ ಅಭ್ಯಾಸ ಮಾಡಿದ್ದಾರೆ. ಕಾಯಿಸಿ, ಬಡಿದು, ನೀರಿಗೆ ಅದ್ದಿ ಮಾಡಿದ ಪಾತ್ರೆಗಳು ಅವು.

ತೂಕ ಕೇಳಿ, ಹೆಸರು ಆಮೇಲೆ

ಅಂಗಡಿಗೆ ಹೋದರೆ ಎಲ್ಲರೂ ಕೇಳೋದು ಯಾವ ಕಂಪನಿ ಅಂತ. ನೀವು ಮೊದಲು ತೂಕ ಎಷ್ಟು ಗ್ರಾಂ ಅಂತ ಕೇಳಿ.

ಒಂದು ಸಣ್ಣ ಲೆಕ್ಕ. 20 ಇಂಚಿನ ಚಪ್ಪಟೆ ತಟ್ಟೆಯ ಒಂದು ಮುಖದ ವಿಸ್ತೀರ್ಣ ಸುಮಾರು 2,027 ಚದರ ಸೆಂಟಿಮೀಟರ್. ಕಂಚಿನ ಸಾಂದ್ರತೆ ಸುಮಾರು 8.75. ಹಾಗಾದರೆ 1,800 ಗ್ರಾಂ ತೂಗುವ ರೈಡ್‌ನ ಸರಾಸರಿ ದಪ್ಪ ಸುಮಾರು 1 ಮಿಲಿಮೀಟರ್. 2,700 ಗ್ರಾಂ ತೂಗುವುದರದ್ದು ಸುಮಾರು 1.5 ಮಿಲಿಮೀಟರ್. ಬರೀ ಅರ್ಧ ಮಿಲಿಮೀಟರ್ ಫರಕು. ಆದರೆ ತಟ್ಟೆಯ ಫ್ರೀಕ್ವೆನ್ಸಿ ಅದರ ದಪ್ಪಕ್ಕೆ ನೇರ ಅನುಪಾತದಲ್ಲಿದೆ, ತ್ರಿಜ್ಯದ ವರ್ಗಕ್ಕೆ ವಿಲೋಮ ಅನುಪಾತದಲ್ಲಿದೆ. ದಪ್ಪ ಒಂದೂವರೆ ಪಟ್ಟಾದರೆ ಫ್ರೀಕ್ವೆನ್ಸಿಯೂ ಒಂದೂವರೆ ಪಟ್ಟು. 3ಕ್ಕೆ 2ರ ಈ ಅನುಪಾತ ಅಂದರೆ ಷಡ್ಜದಿಂದ ಪಂಚಮಕ್ಕೆ ಹಾರಿದ ಹಾಗೆ! ಸಿಂಬಲ್ ಚಪ್ಪಟೆ ಅಲ್ಲ, ನಡುವೆ ಉಬ್ಬಿದೆ, ಅಂಚಿನ ಕಡೆ ತೆಳುವಾಗುತ್ತೆ. ಹಾಗಾಗಿ ಇದು ಅಂದಾಜು ಮಾತ್ರ. ದಿಕ್ಕು ಮಾತ್ರ ಇದೇ.

ಇದರಿಂದ ಕೈಗೆ ಸಿಗುವ ಸೂತ್ರ: ಒಂದೇ ಅಗಲದಲ್ಲಿ ತೂಕದ ರೈಡ್ ಆದರೆ ದನಿ ಎತ್ತರ, ಪೆಟ್ಟು ಚೂಪು, ಆದರೆ ತೆರೆದುಕೊಳ್ಳೋಕೆ ಜೋರು ಹೊಡೆಯಬೇಕು. ಹಗುರ ಆದರೆ ದನಿ ತಗ್ಗು, ಮೆಲ್ಲಗೆ ಮುಟ್ಟಿದರೂ ಮಾತಾಡುತ್ತೆ, ಆದರೆ ಗುಂಗು ಬೇಗ ತುಂಬಿಕೊಳ್ಳುತ್ತೆ. ಜಾಜ್‌ಗೆ 20 ಇಂಚಿನಲ್ಲಿ 1,700ರಿಂದ 2,100 ಗ್ರಾಂ, 22 ಇಂಚಿನಲ್ಲಿ 2,100ರಿಂದ 2,600 ಗ್ರಾಂ ಒಳಗೆ ಹುಡುಕಿದರೆ ದಾರಿ ತಪ್ಪಲ್ಲ.

ಹಗುರ ಇದ್ದೂ ಗುಂಗು ತುಂಬಿಕೊಳ್ಳಬಾರದು ಅಂದರೆ? ಇಲ್ಲಿ ಸುತ್ತಿಗೆಯ ಕೆಲಸ ಬರುತ್ತೆ. ಸಿಂಬಲ್ ಮೇಲೆ ಕಾಣುವ ಕುಳಿಗಳು ಅಲಂಕಾರಕ್ಕಲ್ಲ. ಅವು ಲೋಹದೊಳಗಿನ ಬಿಗಿಯನ್ನ ಬದಲಾಯಿಸುತ್ತವೆ. ಎಲ್ಲಾ ಕುಳಿ ಒಂದೇ ಸಮ ಇದ್ದರೆ ದನಿ ನಯ. ಕೈಯಿಂದ ಹೊಡೆದು ಏರುಪೇರು ಇದ್ದರೆ ದನಿ ಗಾಢ, ಪದರ ಪದರ. ಲೇತ್‌ನಲ್ಲಿ ಹೆರೆದ ಉಂಗುರದ ಗೆರೆ ಇದ್ದರೆ ಗುಂಗು ಹರಡುತ್ತೆ. ಹೆರೆಯದೆ ಬಿಟ್ಟ ಒರಟು ಮೈ ಇದ್ದರೆ ಗುಂಗು ಒಣಗಿ, ಪೆಟ್ಟು ಎದ್ದು ಕೇಳುತ್ತೆ. ಇಂಥದ್ದಕ್ಕೆ ಡ್ರೈ ರೈಡ್ ಅಂತಾರೆ. ಹಾಡುಗಾರರ ಜೊತೆ ನುಡಿಸೋರಿಗೆ ನನ್ನ ಸಲಹೆ ಈ ಕಡೆಗೇ.

ಬನಶಂಕರಿ ಜಾತ್ರೆಯಲ್ಲಿ ಕಲಿತ ಪಾಠ

ಜನವರಿಯಲ್ಲಿ ನಾವು ನಾಲ್ಕು ಜನ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿದ್ವಿ. ಅಲ್ಲಿಗೆ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಟೆಂಟ್ ಹಾಕೋದು ನಿಮಗೆ ಗೊತ್ತೇ ಇದೆ. ರಾತ್ರಿ ಆಟದಲ್ಲಿ ನನ್ನ ಕಣ್ಣೆಲ್ಲಾ ರಂಗದ ಪಕ್ಕ ಕೂತ ಡ್ರಮ್ಸ್ ಅಣ್ಣನ ಮೇಲೆ. ಖಳನಾಯಕ ಬಂದಾಗ ‘ಢಂ ಛ್ರಾಶ್’. ಆದರೆ ಮರುಕ್ಷಣವೇ ಅವರ ಎಡಗೈ ಸಿಂಬಲ್‌ನ ಅಂಚನ್ನ ಹಿಡಿದುಬಿಡುತ್ತಿತ್ತು. ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಅದೇ ನಿಶ್ಶಬ್ದದಲ್ಲಿ ಪಾತ್ರಧಾರಿಯ ಮಾತು ಬೀಳುತ್ತಿತ್ತು.

ಆಟ ಮುಗಿದ ಮೇಲೆ ಹೋಗಿ ಮಾತಾಡಿಸಿದ್ವಿ.

“ಅಣ್ಣಾರ, ಅಷ್ಟು ಲಗೂ ಯಾಕ ಹಿಡೀತೀರಿ?”

“ಹಿಡೀಲಿಲ್ಲಂದ್ರ ಡೈಲಾಗ್ ಸಾಯ್ತೈತಿ ನೋಡ್ರಿ. ಮಂದಿ ಟಿಕೆಟ್ ತಗೊಂಡು ಬಂದಿದ್ದು ಮಾತು ಕೇಳಾಕ, ನನ್ನ ತಗಡ ಕೇಳಾಕಲ್ಲ.”

ಮುತ್ಯಾನ ಮಾತೇ ಇನ್ನೊಂದು ಬಾಯಲ್ಲಿ! ಅವರು ಎರಡು ಉಪಾಯ ಹೇಳಿಕೊಟ್ಟರು. ರೈಡ್ ಗುಂಗು ಜಾಸ್ತಿ ಆದರೆ ಕೆಳಮೈಗೆ ಬೆರಳುದ್ದ ಬಟ್ಟೆಯ ಟೇಪು ಅಂಟಿಸೋದು. ಒಂದರಿಂದ ಶುರು ಮಾಡಿ, ಸಾಕು ಅನಿಸಿದಲ್ಲಿ ನಿಲ್ಲಿಸಬೇಕು. ಇನ್ನೊಂದು, ಗುಂಗು ತೀರಾ ಕಡಿಮೆ ಇದ್ದರೆ ಸ್ಟ್ಯಾಂಡಿನ ತುದಿಯಿಂದ ಸಣ್ಣ ಮಣಿಯ ಲೋಹದ ಸರಪಳಿಯನ್ನ ಸಿಂಬಲ್ ಮೇಲೆ ಇಳಿಬಿಡೋದು. ಜಾಜ್‌ನವರು ಸಿಂಬಲ್‌ಗೆ ತೂತು ಹೊಡೆದು ರಿವೆಟ್ ಹಾಕಿ ಪಡೆಯುವ ‘ಸ್‌ಸ್‌ಸ್’ ಅನ್ನೋ ದನಿ ತೂತಿಲ್ಲದೇ ಬರುತ್ತೆ.

ಮರುದಿನ ಬೆಳಿಗ್ಗೆ ಬಾದಾಮಿಯ ಮೊದಲನೇ ಗುಹೆಗೆ ಹೋದ್ವಿ. ಆರನೇ ಶತಮಾನದ, ಹದಿನೆಂಟು ತೋಳಿನ ನಟರಾಜ. ಎಷ್ಟೋ ಸಲ ನೋಡಿದ್ದೆ. ಪಕ್ಕದಲ್ಲಿ ಗಣಪತಿಯ ಜೊತೆ ಚರ್ಮವಾದ್ಯ ಬಾರಿಸುವ ಒಬ್ಬ ಇದ್ದಾನೆ ಅನ್ನೋದನ್ನ ಅವತ್ತೇ ಗಮನಿಸಿದ್ದು. ಕುಣಿತದ ಲಯ ಅವನ ಕೈಯಲ್ಲಿದೆ. ಆದರೂ ಶಿಲ್ಪಿ ಅವನನ್ನ ಕೆತ್ತಿದ್ದು ಬದಿಯಲ್ಲಿ, ಚಿಕ್ಕದಾಗಿ.

ಅಂಗಡಿಯಲ್ಲಿ ಮಾಡಬೇಕಾದ ಆರು ಪರೀಕ್ಷೆ

ಹತ್ತು ರೈಡ್ ಸಾಲಾಗಿಟ್ಟ ಅಂಗಡಿ ಬಾಗಲಕೋಟೆಯಲ್ಲಿ ನಾನಂತೂ ನೋಡಿಲ್ಲ. ಬೆಂಗಳೂರಿಗೇ ಹೋದ್ವಿ. ಹೋಗುವಾಗ ನಿಮ್ಮವೇ ಕೋಲು, ಅಡುಗೆಮನೆಯ ತಕ್ಕಡಿ, ಒಬ್ಬ ಗೆಳೆಯ, ಸಾಧ್ಯವಾದರೆ ನಿಮ್ಮ ಹಾಡುಗಾರರು ಜೊತೆಗಿರಲಿ.

1. ಕಣ್ಣಿನ ಪರೀಕ್ಷೆ. ಅಂಚಿನ ಸುತ್ತ ಬೆರಳು ಆಡಿಸಿ ಸೀಳು ಇದೆಯೋ ನೋಡಿ. ನಡುವಿನ ತೂತು ದುಂಡಗಿರಬೇಕು. ಒಂದು ಕಡೆ ಸವೆದು ಬೀಗದ ಕಿಂಡಿಯ ಹಾಗೆ ಆಗಿದ್ದರೆ ಹಿಂದಿನವರು ಸರಿಯಾಗಿ ಇಟ್ಟುಕೊಂಡಿಲ್ಲ ಅಂತ ಅರ್ಥ. ಹಳೆಯ ಸಿಂಬಲ್ ಕೊಳ್ಳುವವರು ಇದನ್ನ ಬಿಡಲೇಬೇಡಿ.

2. ಮೆಲುದನಿ ಪರೀಕ್ಷೆ. ಕೋಲಿನ ತುದಿಯನ್ನ ಎರಡು ಇಂಚಿಗಿಂತ ಮೇಲೆ ಎತ್ತದೆ ನುಡಿಸಿ. ಅಷ್ಟು ಸಣ್ಣ ಪೆಟ್ಟಿಗೂ ‘ಟಿಂಗ್’ ಅನ್ನಬೇಕು. ಇಲ್ಲಿ ಸೋತ ರೈಡ್ ಜಾಜ್‌ಗೆ ಬೇಡ.

3. ಮೂರು ನಿಮಿಷದ ಪರೀಕ್ಷೆ. ನಡು ಮತ್ತು ಅಂಚಿನ ನಡುವಿನ ಜಾಗದಲ್ಲಿ ಸ್ವಿಂಗ್ ನಡೆಯನ್ನ ಮೂರು ನಿಮಿಷ ಬಿಡದೆ ನುಡಿಸಿ. ಮೊದಲ ಹತ್ತು ಸೆಕೆಂಡಿನಲ್ಲಿ ಎಲ್ಲಾ ಸಿಂಬಲ್ಲೂ ಚಂದ. ಮೂರನೇ ನಿಮಿಷದಲ್ಲೂ ‘ಗ’ ಬೇರೆಯಾಗಿ ಕೇಳುತ್ತಾ ಅನ್ನೋದೇ ಪ್ರಶ್ನೆ.

4. ಉಬ್ಬಿನ ಪರೀಕ್ಷೆ. ನಡುವಿನ ಉಬ್ಬಿಗೆ ಬೆಲ್ ಅಂತಾರೆ. ಅಲ್ಲಿ ಹೊಡೆದಾಗ ಬರುವ ಗಂಟೆ ದನಿ ಉಳಿದ ದನಿಗೆ ಹೊಂದಬೇಕು, ಬೇರೆ ವಾದ್ಯ ಅನಿಸಬಾರದು.

5. ಅಂಚಿನ ಪರೀಕ್ಷೆ. ಕೋಲಿನ ಮೈಯಿಂದ ಅಂಚಿಗೆ ಒಂದೇ ಪೆಟ್ಟು ಕೊಟ್ಟು, ತಕ್ಷಣ ನಡೆಗೆ ಮರಳಿ. ತೆರೆದುಕೊಂಡದ್ದು ಒಂದೆರಡು ಬಡಿತದಲ್ಲಿ ತಗ್ಗಬೇಕು. ಇಷ್ಟು ಮಾಡುವ ರೈಡ್ ಸಿಕ್ಕರೆ ಬೇರೆ ಕ್ರ್ಯಾಶ್ ಕೊಳ್ಳೋದನ್ನ ಮುಂದಕ್ಕೆ ಹಾಕಬಹುದು.

6. ದೂರದ ಪರೀಕ್ಷೆ. ಇದು ಎಲ್ಲಕ್ಕಿಂತ ಮುಖ್ಯ. ಕೋಲನ್ನ ಗೆಳೆಯನಿಗೆ ಕೊಟ್ಟು ನೀವು ಹದಿನೈದು ಅಡಿ ದೂರ ನಿಲ್ಲಿ. ಸ್ಟೂಲ್ ಮೇಲೆ ಕೂತವನಿಗೆ ಕೇಳುವ ದನಿ ಬೇರೆ, ಎದುರು ಕೂತವರಿಗೆ ಕೇಳುವ ದನಿ ಬೇರೆ. ಹತ್ತಿರದಿಂದ ಒರಟು ಅನಿಸಿದ್ದು ದೂರದಿಂದ ಸ್ಪಷ್ಟ ಕೇಳಬಹುದು. ಹತ್ತಿರ ಇಂಪಾಗಿದ್ದದ್ದು ದೂರದಲ್ಲಿ ಬರೀ ಮಂಜಾಗಬಹುದು. ನಾವು ಇನ್ನೊಂದು ಹೆಜ್ಜೆ ಮುಂದೆ ಹೋದ್ವಿ. ಗೆಳೆಯ ನುಡಿಸುತ್ತಿರುವಾಗ ಗಾಯಕಿ ಪುಸ್ತಕದಿಂದ ಇಪ್ಪತ್ತು ಬಿಡಿ ಶಬ್ದ ಓದಿದಳು, ನಾನು ದೂರ ನಿಂತು ಕೇಳಿದ್ದನ್ನ ಬರೆದೆ. ಪ್ರೈಮರಿ ಶಾಲೆಯ ಉಕ್ತಲೇಖನವೇ. ಕಾಲೇಜಿನಲ್ಲಿ ಹಿತ್ತಾಳೆ ರೈಡ್ ಮುಂದೆ ಮಾಡಿದಾಗ ಹೆಚ್ಚುಕಮ್ಮಿ ಅರ್ಧ ತಪ್ಪಾಗಿದ್ದವು. ಬೆಂಗಳೂರಿನಲ್ಲಿ ಆರಿಸಿದ ಡ್ರೈ ರೈಡ್ ಮುಂದೆ ತಪ್ಪು ಒಂದೆರಡೇ.

ಆನ್‌ಲೈನಿನಲ್ಲಿ ಕೊಳ್ಳೋದೇ ಆದರೆ ಅಗಲ, ತೂಕ ಬರೆಸಿಕೊಳ್ಳಿ. ಕೈಯಿಂದ ಮಾಡಿದವು ಒಂದರ ಹಾಗೆ ಇನ್ನೊಂದಿರಲ್ಲ. ಹಾಗಾಗಿ ನಿಮಗೆ ಕಳಿಸುವ ಅದೇ ತಟ್ಟೆಯ ರೆಕಾರ್ಡಿಂಗ್ ಕೇಳಿ. ಒಂದು ಎಚ್ಚರ: ಮೊಬೈಲ್ ವಿಡಿಯೋ ಸಣ್ಣ ಸದ್ದನ್ನ ತಾನೇ ಏರಿಸಿ, ದೊಡ್ಡದನ್ನ ತಗ್ಗಿಸುತ್ತೆ. ಇದರಿಂದ ಗುಂಗು ನಿಜಕ್ಕಿಂತ ಉದ್ದ ಅನಿಸಬಹುದು.

ದುಡ್ಡು ಎಲ್ಲಿ ಹಾಕಬೇಕು?

ಇಳಕಲ್ ಸೀರೆಯ ಲೆಕ್ಕ ನೆನಪಿಟ್ಟುಕೊಳ್ಳಿ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ತೋಪು ತೆನಿಯಿಂದ ಜೋಡಿಸ್ತಾರೆ. ಬೆಲೆಯ ನೂಲು ಎಲ್ಲಿ ಬೇಕೋ ಅಲ್ಲಿ. ಜಾಜ್‌ನಲ್ಲಿ ಸೆರಗು ಅಂದರೆ ರೈಡ್. ನಿಮ್ಮ ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಅದೊಂದಕ್ಕೇ ಹೋಗಲಿ, ಹಳೆಯದಾದರೂ ಪರವಾಗಿಲ್ಲ. ಎರಡನೆಯದು ಹೈ-ಹ್ಯಾಟ್. ಕಾಲಿಂದ ಮುಚ್ಚಿದಾಗ ‘ಚಿಕ್’ ಅಂತ ಗಟ್ಟಿ ಕೇಳಬೇಕು, ಯಾಕಂದರೆ ಎರಡನೇ ಮತ್ತು ನಾಲ್ಕನೇ ಬಡಿತವನ್ನ ಅದು ಹೊರುತ್ತೆ. ಕ್ರ್ಯಾಶ್ ಕೊನೆಗೆ. ನಾವು ಮೊದಲ ಸಲ ಮಾಡಿದ್ದು ಇದರ ಉಲ್ಟಾ. ಒಂದೇ ಡಬ್ಬಿಯಲ್ಲಿ ನಾಲ್ಕು ತಟ್ಟೆ ಬರುತ್ತೆ ಅಂತ ಆಸೆಪಟ್ಟು, ಒಂದೂ ಕೆಲಸಕ್ಕೆ ಬಾರದ್ದನ್ನ ತಂದ್ವಿ.

ಕೊಳ್ಳುವ ಮೊದಲು ಕಿವಿಗೆ ತಾಲೀಮು ಕೊಡಿ. 1959ರ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಕೇಳಿ. ಮೊದಲ ಹಾಡಿನಲ್ಲಿ ಟ್ರಂಪೆಟ್ ಸೋಲೋ ಶುರುವಾಗುವಾಗ ಜಿಮ್ಮಿ ಕಾಬ್ ಒಂದೇ ಒಂದು ಸಲ ಸಿಂಬಲ್‌ಗೆ ಹೊಡೆಯುತ್ತಾರೆ. ಆ ಒಂದು ಪೆಟ್ಟು ಹೇಗೆ ಅರಳಿ, ಟ್ರಂಪೆಟ್‌ಗೆ ದಾರಿ ಬಿಟ್ಟು ಅಡಗುತ್ತೆ ಅನ್ನೋದನ್ನ ಗಮನಿಸಿ. 1967ರಲ್ಲಿ ರೆಕಾರ್ಡ್ ಆದ ‘ನೆಫರ್ಟೀಟಿ’ಯಲ್ಲಿ ಟೋನಿ ವಿಲಿಯಮ್ಸ್ ಅವರ ಒಣ ರೈಡ್ ಕೇಳಿ. ಹಾಗೇ ನಮ್ಮದೇ ಒಂದು: ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ಮಾಡಿದ ‘ಜ್ಯೋತಿ’. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಅಲ್ಲಿ ರೈಡ್ ಇಲ್ಲ, ಆದರೆ ಲಯ ಎಲ್ಲೂ ಕಳೆದುಹೋಗಲ್ಲ, ಒಬ್ಬರ ಮೇಲೆ ಒಬ್ಬರು ಕೂರಲ್ಲ.

ತಂದ ಮೇಲೆ

ಸ್ಟ್ಯಾಂಡಿನ ಮೇಲೆ ಫೆಲ್ಟ್ ಮತ್ತು ಪ್ಲಾಸ್ಟಿಕ್ ತೋಳು ಇಲ್ಲದೆ ಇಡಬೇಡಿ, ತಿರುಪನ್ನ ಬಿಗಿಯಬೇಡಿ. ಸಿಂಬಲ್ ತೂಗಾಡಬೇಕು, ಇಲ್ಲದಿದ್ದರೆ ಸೀಳು ಬಿಡುತ್ತೆ. ಮನೆಯ ತಾಮ್ರದ ಕೊಡದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ನಮ್ಮವ್ವ ತಿಕ್ಕೋಕೆ ತಯಾರಾಗಿದ್ದಳು! ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ತಾಲೀಮಿನಲ್ಲಿ ಕಿವಿಗೆ ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್ ಸದ್ದನ್ನ ದಿನಕ್ಕೆ 8 ಗಂಟೆ ಮೀರಿ ಕೇಳಬಾರದು, ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತೆ ಅನ್ನೋದು ಒಂದು ಒಪ್ಪಿತ ಲೆಕ್ಕ. ಚಿಕ್ಕ ಕೋಣೆಯ ಡ್ರಮ್ಸ್ ಅದನ್ನ ಸುಲಭವಾಗಿ ದಾಟುತ್ತೆ.

ಈ ವರ್ಷದ ಹಬ್ಬಕ್ಕೆ ಅದೇ ವಚನ, ಅದೇ ನಡೆ, ಅದೇ ಗಾಯಕಿ. ಬದಲಾದದ್ದು ಒಂದು ರೈಡ್, ಅದರ ಕೆಳಗೆ ಬೆರಳುದ್ದದ ಒಂದು ಟೇಪು. ಮುತ್ಯಾನೂ ಬಂದಿದ್ದರು. ಮುಗಿದ ಮೇಲೆ ನಾನೇನೂ ಕೇಳಲಿಲ್ಲ. ಅವರೇ ಗಾಯಕಿಯನ್ನ ಹತ್ತಿರ ಕರೆದರು.

“ಛಲೋ ಹಾಡಿದಿ ತಂಗಿ. ಆದ್ರ ಮೂರನೇ ಸಾಲಿನ್ಯಾಗ ಒಂದ ಶಬ್ದ ತಪ್ಪಿದಿ ನೋಡು.”

ಅವಳ ಮುಖ ಸಣ್ಣಗಾಯಿತು. ನನಗೆ ಮಾತ್ರ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ರೈಡ್ ಈಗ ಸಂಘದ ಕೋಣೆಯಲ್ಲಿದೆ. ಮೊದಲ ವರ್ಷದವರೂ ಬಂದು ನುಡಿಸಬಹುದು. ಬರುವಾಗ ಹಾಡೋರನ್ನ ಒಬ್ಬರನ್ನ ಜೊತೆಗೆ ಕರೆದುಕೊಂಡು ಬನ್ನಿ.